ಗಾಡಿ ನಂಬರ್ ಹೇಳಿದವರೆಲ್ಲ ಕಂಪೆನಿಯವರಲ್ಲ



ಮನೆಯಲ್ಲಿ ಒಂದು ಬೈಕೋ, ಕಾರೋ, ಲಗೇಜ್ ಆಟೋವೋ ಇದ್ದರೆ ಈ ಕರೆ ನಿಮಗೂ ಬಂದಿರುತ್ತದೆ. ಬಂದಿಲ್ಲವಾದರೆ ಇನ್ನು ಬರುತ್ತದೆ. "ಮೇಡಂ, ನಿಮ್ಮ ಗಾಡಿ ಇನ್ಶೂರೆನ್ಸ್ ನಾಳೆಗೆ ಮುಗೀತಾ ಇದೆ. ಇವತ್ತೇ ಕಟ್ಟಿದರೆ ಅರ್ಧ ರೇಟು, ನಾಳೆ ಆದರೆ ಫೈನ್ ಬೀಳುತ್ತೆ." ಕೇಳುವವರಿಗೆ ಅನುಮಾನ ಬರುವ ಮೊದಲೇ ಆತ ಗಾಡಿಯ ನಂಬರ್ ಹೇಳುತ್ತಾನೆ. ಯಜಮಾನರ ಹೆಸರು ಹೇಳುತ್ತಾನೆ. ಯಾವ ವರ್ಷದ ಗಾಡಿ, ಯಾವ ಮಾಡೆಲ್ಲು, ಎಲ್ಲವೂ ಸರಿಯಾಗಿರುತ್ತದೆ. ಶ್ರೀರಂಗಪಟ್ಟಣವಾಗಲಿ ಕೆ.ಆರ್.ಪೇಟೆಯಾಗಲಿ, ಮನೆಯಲ್ಲಿರುವ ಹೆಣ್ಣುಮಗಳಿಗೆ ಆಗ ಒಂದೇ ಯೋಚನೆ: ಇಷ್ಟೆಲ್ಲ ಗೊತ್ತಿದೆ ಎಂದರೆ ಇವನು ಕಂಪೆನಿಯವನೇ ಇರಬೇಕು.

ಮೋಸದ ಬೇರು ಇರುವುದೇ ಈ ಯೋಚನೆಯಲ್ಲಿ. ಆದ್ದರಿಂದ ಮೊದಲು ಅವನಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು ಎಂಬುದನ್ನು ನೋಡೋಣ.

ನಾವು ಗಾಡಿ ನೋಂದಣಿ ಮಾಡಿಸಿದಾಗ ಹೆಸರು, ಇಂಜಿನ್ ನಂಬರ್, ಚಾಸಿ ನಂಬರ್, ವಿಮೆ ಮುಗಿಯುವ ದಿನ ಇವೆಲ್ಲ 'ವಾಹನ್' ಎಂಬ ಸರಕಾರಿ ದಾಖಲೆಗೆ ಸೇರುತ್ತವೆ. ಈ ಮಾಹಿತಿಯನ್ನು ಸಗಟಾಗಿ ಮಾರುವ ಒಂದು ನೀತಿಯನ್ನು ಕೇಂದ್ರ ಸಾರಿಗೆ ಸಚಿವಾಲಯವೇ 2019ರಲ್ಲಿ ಪ್ರಕಟಿಸಿತ್ತು. 87 ಖಾಸಗಿ ಕಂಪೆನಿಗಳಿಗೂ 32 ಸರಕಾರಿ ಸಂಸ್ಥೆಗಳಿಗೂ ಈ ದಾಖಲೆ ನೋಡಲು ಅವಕಾಶ ಕೊಟ್ಟು ಸುಮಾರು 65 ಕೋಟಿ ರೂಪಾಯಿ ಗಳಿಸಿದ್ದಾಗಿ ಅದೇ ವರ್ಷ ಸಂಸತ್ತಿನಲ್ಲಿ ಸರಕಾರ ಒಪ್ಪಿಕೊಂಡಿತು. ಖಾಸಗಿತನದ ಪ್ರಶ್ನೆ ಎದ್ದ ಮೇಲೆ 2020ರ ಜೂನ್‌ನಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಆದರೆ ಒಮ್ಮೆ ಹೊರಗೆ ಹೋದ ಮಾಹಿತಿ ಚೆಲ್ಲಿದ ಹಾಲಿನಂತೆ, ಮತ್ತೆ ಪಾತ್ರೆಗೆ ಬರುವುದಿಲ್ಲ. ಇದರ ಜೊತೆಗೆ ಶೋರೂಮಿನಲ್ಲಿ, ಸಾಲ ಕೊಟ್ಟ ಫೈನಾನ್ಸಿನಲ್ಲಿ, ಸರ್ವೀಸ್ ಸೆಂಟರಿನಲ್ಲಿ, ಹಳೆ ಗಾಡಿ ಕೊಂಡಾಗ ಬ್ರೋಕರಿನ ಹತ್ತಿರ ನಾವೇ ಬರೆದುಕೊಟ್ಟ ಮೊಬೈಲ್ ನಂಬರ್‌ಗಳಿವೆ. ಕೆಎ 11 ಮಂಡ್ಯದ್ದು, ಕೆಎ 54 ನಾಗಮಂಗಲದ್ದು ಎಂಬುದು ಬೀದಿಯಲ್ಲಿ ನಿಂತ ಹುಡುಗನಿಗೂ ಗೊತ್ತು. ಹೀಗಿರುವಾಗ ನಂಬರ್ ಹೇಳಿದ ಮಾತ್ರಕ್ಕೆ ಆತ ಅಧಿಕಾರಿಯಾಗುವುದಿಲ್ಲ.

ಈ ಕರೆಗಳು ಯಾವಾಗ ಹೆಚ್ಚು ಬರುತ್ತವೆ ಎಂಬುದಕ್ಕೂ ಒಂದು ಲೆಕ್ಕವಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಶೋರೂಮಿನಲ್ಲೇ ಕಟ್ಟಿರುತ್ತೇವೆ, ಆಮೇಲೆ ಮರೆತುಬಿಡುತ್ತೇವೆ. ಐದನೇ ವರ್ಷಕ್ಕೆ ನಮಗೆ ನೆನಪಿರುವುದಿಲ್ಲ, ಅವರಿಗೆ ನೆನಪಿರುತ್ತದೆ.

'ಅರ್ಧ ರೇಟು' ಎಂಬ ಮಾತೇ ಸುಳ್ಳನ್ನು ಹಿಡಿದುಕೊಡುತ್ತದೆ. ಥರ್ಡ್ ಪಾರ್ಟಿ ವಿಮೆಯ ದರವನ್ನು ನಿಗದಿ ಮಾಡುವುದು ಕಂಪೆನಿಯಲ್ಲ, ಸರಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000 ಸಿಸಿವರೆಗಿನ ಕಾರಿಗೆ 2,094, ಅದಕ್ಕಿಂತ ಮೇಲೆ 1500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ ಎಂದು ಬರೆದಿತ್ತು. ಇದರ ಮೇಲೆ ತೆರಿಗೆ ಬೇರೆ. ದರ ಮುಂದೆ ಬದಲಾದರೂ ಎಲ್ಲ ಕಂಪೆನಿಗೂ ಒಟ್ಟಿಗೇ ಬದಲಾಗುತ್ತದೆ. ಹಾಗಾಗಿ ಥರ್ಡ್ ಪಾರ್ಟಿ ವಿಮೆಯನ್ನು ಅರ್ಧಕ್ಕೆ ಕೊಡುತ್ತೇನೆ ಎನ್ನುವವನ ಬಳಿ ಇರುವುದು ವಿಮೆಯಲ್ಲ, ಬರೀ ಕಾಗದ. ನಿಮ್ಮ ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆಯಲ್ಲಿ ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸ ಇರಬಹುದು, ಆ ಮಾತು ಬೇರೆ.

ಕಾಗದ ಎಂದೆ. ಅದು ಬಹಳ ಚೆನ್ನಾಗಿಯೇ ಇರುತ್ತದೆ. ಕಂಪೆನಿಯ ಗುರುತು, ಪಾಲಿಸಿ ನಂಬರ್, ಮೊಹರು ಎಲ್ಲ ಇರುತ್ತದೆ. ಕೆಲವರು ಇನ್ನೂ ಜಾಣತನ ಮಾಡುತ್ತಾರೆ. ಬೈಕಿನ ಹೆಸರಲ್ಲಿ ಕಡಿಮೆ ದುಡ್ಡಿಗೆ ಒಂದು ನಿಜವಾದ ಪಾಲಿಸಿ ಮಾಡಿಸಿ, ಕಂಪ್ಯೂಟರಿನಲ್ಲಿ ತಿದ್ದಿ, ಅದನ್ನೇ ಕಾರಿನದ್ದೆಂದೋ ಗೂಡ್ಸ್ ಗಾಡಿಯದ್ದೆಂದೋ ಕೈಗಿಡುತ್ತಾರೆ. ಪಾಲಿಸಿ ನಂಬರ್ ನಿಜ, ಗಾಡಿ ಮಾತ್ರ ಸುಳ್ಳು. ರಸ್ತೆಯಲ್ಲಿ ಪೊಲೀಸರಿಗೆ ತೋರಿಸಿದಾಗ ಅದು ದಾಟಿಹೋಗಲೂಬಹುದು. ಹೊರಬೀಳುವುದು ಅಪಘಾತವಾದ ದಿನ.

ಆ ದಿನದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಾಂಡವಪುರದಲ್ಲಿ ತರಕಾರಿ ಸಾಗಿಸುವ ಒಂದು ಲಗೇಜ್ ಆಟೋ ಇದೆ ಎಂದಿಟ್ಟುಕೊಳ್ಳಿ. ಆ ಮನೆಗೆ ಅದೊಂದೇ ಆಧಾರ. ರಸ್ತೆಯಲ್ಲಿ ಒಬ್ಬರಿಗೆ ಪೆಟ್ಟಾಗುತ್ತದೆ ಅಥವಾ ಜೀವ ಹೋಗುತ್ತದೆ. ಮೋಟಾರು ಅಪಘಾತ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತದೆ. ವಿಮೆ ಇದ್ದರೆ ಕಂಪೆನಿ ಕಟ್ಟುತ್ತದೆ, ಇಲ್ಲದಿದ್ದರೆ ಗಾಡಿಯ ಮಾಲೀಕ ಕಟ್ಟಬೇಕು. ಆ ಮೊತ್ತ ಹಲವು ಲಕ್ಷಗಳಾಗಬಹುದು. ವಿಮೆ ಇಲ್ಲದ ವಾಹನ ಅಪಘಾತ ಮಾಡಿದರೆ ಅದನ್ನು ಹರಾಜು ಹಾಕಿ ಹಣವನ್ನು ಪರಿಹಾರಕ್ಕೆ ಇಡುವಂತೆ ರಾಜ್ಯಗಳು ನಿಯಮ ಮಾಡಬೇಕೆಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ರೂಪಾಯಿ ದಂಡ, ಜೈಲೂ ಆಗಬಹುದು. "ನಾನು ದುಡ್ಡು ಕಟ್ಟಿದ್ದೆ, ಇಗೋ ಕಾಗದ" ಎಂದರೆ, ಆ ದುಡ್ಡು ಕಂಪೆನಿಗೆ ತಲುಪಿರದಿದ್ದರೆ ಪ್ರಯೋಜನವಿಲ್ಲ. ಫೋನಿನ ಮೋಸಗಾರ ತೆಗೆದುಕೊಂಡದ್ದು ಎರಡು ಮೂರು ಸಾವಿರ, ಅವನು ಆ ಮನೆಯ ತಲೆಯ ಮೇಲೆ ಹೊರಿಸಿ ಹೋದದ್ದು ಅದರ ನೂರು ಪಾಲು. ಇನ್ನೊಂದು ಕಡೆ, ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಗೂ ಬರಬೇಕಾದದ್ದು ಬರುವುದಿಲ್ಲ. ಥರ್ಡ್ ಪಾರ್ಟಿ ಎಂದರೆ ಅವರೇ ತಾನೆ. ವಿಮೆಯ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿರುವುದು ನಿಜ. ಆದರೆ ಕಾನೂನು ಕಡ್ಡಾಯ ಮಾಡಿರುವ ಈ ವಿಮೆಯನ್ನು "ಹೇಗೂ ಹೆಸರಿಗೆ ತಾನೆ, ಎಲ್ಲಿ ಕಡಿಮೆಯೋ ಅಲ್ಲಿ" ಎಂದು ಉದಾಸೀನ ಮಾಡುವವರು ನಮ್ಮಲ್ಲಿ ಸ್ವಲ್ಪ ಹೆಚ್ಚೇ. ಇದು ಅನ್ಯನ ಹಕ್ಕಿನ ವಿಷಯ ಎಂಬುದನ್ನು ಅವರು ಗಮನಿಸಬೇಕು.

ಎರಡನೇ ಬಗೆಯ ಕರೆ 'ವಾರಂಟಿ'ಯದ್ದು. ಕಾರು ಕೊಂಡು ಎರಡು ಮೂರು ವರ್ಷವಾದ ಮನೆಗಳಿಗೆ ಇದು ಬರುತ್ತದೆ. "ನಿಮ್ಮ ವಾರಂಟಿ ಮುಗೀತಾ ಇದೆ, ಇಷ್ಟು ಕಟ್ಟಿದರೆ ಇನ್ನೆರಡು ವರ್ಷ ವಿಸ್ತರಿಸುತ್ತೇವೆ." ವಾರಂಟಿ ಬೇರೆ, ವಿಮೆ ಬೇರೆ. ತಯಾರಿಕೆಯಲ್ಲೇ ದೋಷವಿದ್ದು ಭಾಗ ಕೆಟ್ಟರೆ ಸರಿಮಾಡಿಕೊಡುತ್ತೇನೆಂದು ಕಂಪೆನಿ ಕೊಡುವ ಮಾತು ವಾರಂಟಿ. ಗುದ್ದಿದರೆ, ಕಳವಾದರೆ ಸಿಗುವುದು ವಿಮೆ. ವಾರಂಟಿ ವಿಸ್ತರಣೆ ಎಂಬುದು ನಿಜವಾಗಿಯೂ ಇದೆ. ಅದನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವ ಮೊದಲೇ ಅಧಿಕೃತ ಡೀಲರ್ ಬಳಿ ಮಾಡಿಸಬೇಕು, ಅದು ಗಾಡಿಯ ಚಾಸಿ ನಂಬರಿಗೆ ದಾಖಲಾಗುತ್ತದೆ, ಸರ್ವೀಸ್ ತಪ್ಪಿಸಿದರೆ ಸಿಗದೆಯೂ ಹೋಗಬಹುದು. ಬ್ರೇಕ್ ಪ್ಯಾಡ್, ಕ್ಲಚ್, ಟೈರಿನಂತಹ ಸವೆಯುವ ವಸ್ತುಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಕರೆ ಮಾಡಿದವನನ್ನು "ಯಾವ ಭಾಗಕ್ಕೆ, ಎಷ್ಟು ಕಿಲೋಮೀಟರ್‌ವರೆಗೆ, ಯಾವ ವರ್ಕ್‌ಶಾಪಿನಲ್ಲಿ?" ಎಂದು ಕೇಳಿ ನೋಡಿ. "ಎಲ್ಲಾ ಕವರ್ ಆಗುತ್ತೆ ಮೇಡಂ" ಎಂಬುದೇ ಉತ್ತರ. ಏನನ್ನು ಮಾರುತ್ತಿದ್ದಾನೆಂದು ಕೊಳ್ಳುವವನಿಗೆ ಗೊತ್ತಿಲ್ಲದ ಇಂತಹ ವ್ಯವಹಾರವನ್ನು ಇಸ್ಲಾಮ್ 'ಗರರ್' ಎಂದು ತಡೆದಿದೆ.

ಇದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಅಮೆರಿಕದಲ್ಲಿ ವಾರಂಟಿ ಕರೆಗಳು ಎಷ್ಟು ಹೆಚ್ಚಾದವೆಂದರೆ, ಒಂದೇ ಜಾಲ 2021ರ ಮೂರು ತಿಂಗಳಲ್ಲಿ 50 ಕೋಟಿಗೂ ಮಿಕ್ಕಿದ ಫೋನ್ ನಂಬರ್‌ಗಳಿಗೆ 500 ಕೋಟಿಗೂ ಹೆಚ್ಚು ಕರೆ ಮಾಡಿತ್ತು. ಅಲ್ಲಿನ ದೂರಸಂಪರ್ಕ ಆಯೋಗ 2023ರ ಆಗಸ್ಟ್‌ನಲ್ಲಿ ಆ ಜಾಲಕ್ಕೆ ಸುಮಾರು 30 ಕೋಟಿ ಡಾಲರ್ ದಂಡ ವಿಧಿಸಿತು.

ನಮ್ಮ ಕಡೆ ಈಗ ಮೂರನೆಯದೊಂದು ಸೇರಿಕೊಂಡಿದೆ: ದಂಡದ ಚಲನ್. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಮರುವರ್ಷ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. ವೇಗ ಮೀರಿದರೆ ಮೊಬೈಲಿಗೇ ಸಂದೇಶ ಬರುತ್ತದೆ. ನಿಜವಾದ ಸಂದೇಶ ಬರುತ್ತಿರುವುದರಿಂದಲೇ ಸುಳ್ಳಿಗೆ ಬೆಲೆ ಬಂದಿದೆ. ಬಾಕಿ ದಂಡಕ್ಕೆ ಅರ್ಧ ರಿಯಾಯಿತಿಯನ್ನು ರಾಜ್ಯ ಸರಕಾರ 2023ರಲ್ಲೂ 2025ರಲ್ಲೂ ಕೊಟ್ಟಿತ್ತಾದ್ದರಿಂದ 'ರಿಯಾಯಿತಿ' ಎಂದರೆ ಜನ ನಂಬುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ 'ಆರ್‌ಟಿಒ ಚಲನ್' ಎಂಬ ಹೆಸರಿನ ಫೈಲ್ ಬರುತ್ತದೆ, ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರವಿರುತ್ತದೆ. ಅದು ಚಲನ್ ಅಲ್ಲ, ನಿಮ್ಮ ಫೋನಿನೊಳಗೆ ಕೂತು ಬ್ಯಾಂಕಿನ ಒಟಿಪಿ ಓದುವ ತಂತ್ರಾಂಶ. ಒತ್ತಲೇಬೇಡಿ. ಚಲನ್ ಇದೆಯೋ ಇಲ್ಲವೋ ಎಂಬುದನ್ನು ಹತ್ತಿರದ ಸಂಚಾರ ಠಾಣೆಯಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು. ಸರಕಾರಿ ಜಾಲತಾಣದ ವಿಳಾಸ 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. ಅಂಚೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಕಳಿಸಿ, ನಿಮಗೆ ಕಾರು ಬಂದಿದೆ, ತೆರಿಗೆ ಕಟ್ಟಿ ಎನ್ನುವ ಹಳೆಯ ಪತ್ರಗಳೂ ಇನ್ನೂ ನಿಂತಿಲ್ಲ. ಅವಕ್ಕೆ ಒಲೆಯೇ ಸರಿಯಾದ ಜಾಗ.

ಕರೆ ಮಾಡಿದವನು ಸಲಾಮ್ ಹೇಳಿ, ದಖ್ಖನಿ ಉರ್ದುವಿನಲ್ಲಿ "ಆಪಾ" ಎಂದು ಕರೆದ ಮಾತ್ರಕ್ಕೆ ಕರಗಬೇಡಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಹಾಕಿದಾಗ 'ಹಲಾಲ್' ಎಂಬ ಪದವನ್ನು ನಂಬಿ ಒಡವೆ ಮಾರಿ ಹಣ ಹಾಕಿದ್ದ ಎಷ್ಟು ತಾಯಂದಿರು ಬೀದಿಯಲ್ಲಿ ನಿಂತರೆಂಬುದನ್ನು ನಾವು ಕಂಡಿದ್ದೇವೆ. ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಮೇಲೆ ಒಣಗಿದ್ದು ಒಳಗೆ ಒದ್ದೆ ಇರುವುದನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಹದೀಸ್ ನಿಮಗೆ ತಿಳಿದದ್ದೇ. ವ್ಯಾಪಾರಿಯ ಮುಖ ನೋಡಿ ಮುಂದೆ ಹೋಗದೆ ಅವರು ಕೈಯಿಟ್ಟು ನೋಡಿದರು. ಸುದ್ದಿ ತಂದವನ ಮಾತನ್ನು ಪರಿಶೀಲಿಸಿರಿ ಎಂಬ ಆದೇಶ ಸೂರಃ ಅಲ್‌ಹುಜುರಾತ್‌ನಲ್ಲಿಯೂ ಇದೆ. ಫೋನಿನಲ್ಲಿ ಪರಿಶೀಲನೆ ಎಂದರೆ ಬಹಳ ಸುಲಭ: "ಆಯಿತು, ನಾನೇ ಕಂಪೆನಿಗೆ ಫೋನ್ ಮಾಡುತ್ತೇನೆ" ಎಂದು ಇಟ್ಟುಬಿಡುವುದು. ಆಮೇಲೆ ಹಳೆಯ ಪಾಲಿಸಿಯ ಮೇಲೆ ಅಚ್ಚಾಗಿರುವ ನಂಬರಿಗೆ ನೀವೇ ಮಾಡುವುದು. ಆತ ಕೊಟ್ಟ ನಂಬರಿಗಲ್ಲ, ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೂ ಅಲ್ಲ.

ಹಣ ಕಟ್ಟುವುದಾದರೆ ಕಂಪೆನಿಯ ಹೆಸರಿಗೆ ಕಟ್ಟಿ, ವ್ಯಕ್ತಿಯೊಬ್ಬನ ಫೋನ್‌ಪೇ ನಂಬರಿಗೆ ಬೇಡ. ಕಟ್ಟಿದ ಮೇಲೆ ಕೆಲವು ದಿನ ಬಿಟ್ಟು 'ಎಂ-ಪರಿವಾಹನ್' ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ವಿಮೆಯ ದಿನಾಂಕ ಬದಲಾಗಿದೆಯೇ ನೋಡಿ, ಕಂಪೆನಿಯ ಜಾಲತಾಣದಲ್ಲೂ ಪಾಲಿಸಿಯನ್ನು ತಾಳೆ ಹಾಕಿ. ಓದುವ ಮಕ್ಕಳಿರುವ ಮನೆಯಲ್ಲಿ ಇದು ಐದು ನಿಮಿಷದ ಕೆಲಸ. ಹಾಗೆಯೇ ಆರ್‌ಸಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ ಎಂದೂ ನೋಡಿ. ಎಷ್ಟೋ ಗಾಡಿಗಳಲ್ಲಿ ಶೋರೂಮಿನ ಹುಡುಗನದ್ದೋ ಹಳೆಯ ಮಾಲೀಕನದ್ದೋ ಇರುತ್ತದೆ. ನಿಜವಾದ ಸೂಚನೆ ಅವರಿಗೆ ಹೋಗುತ್ತದೆ, ಸುಳ್ಳು ಸೂಚನೆ ಮಾತ್ರ ನಮಗೆ ಬರುತ್ತದೆ! ವಿಮಾ ಕಂಪೆನಿಯ ಬಗ್ಗೆ ದೂರಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255ಕ್ಕೆ ಕರೆ ಮಾಡಬಹುದು. ಆ ಪ್ರಾಧಿಕಾರ ತಾನಾಗಿ ಯಾರಿಗೂ ಫೋನ್ ಮಾಡಿ ಪಾಲಿಸಿ ಮಾರುವುದಿಲ್ಲ, ಬೋನಸ್ ಕೊಡುವುದೂ ಇಲ್ಲ.

ಇನ್ನು, ಹಣ ಹೋಗಿಯೇಬಿಟ್ಟಿದ್ದರೆ? ಇಲ್ಲಿ ಮನೆಯ ಗಂಡಸರಿಗೆ ಒಂದು ಮಾತು. ಫೋನಿನಲ್ಲಿ ಮೋಸ ಹೋದ ಹೆಣ್ಣುಮಗಳು ಮೊದಲು ಹೆದರುವುದು ಬ್ಯಾಂಕಿಗಲ್ಲ, ನಿಮಗೆ. "ಅವರು ಬಂದ ಮೇಲೆ ಸಮಾಧಾನದಿಂದ ಹೇಳೋಣ" ಎಂದು ರಾತ್ರಿಯವರೆಗೆ ಬಚ್ಚಿಡುತ್ತಾಳೆ. ಅಷ್ಟರಲ್ಲಿ ಆ ಹಣ ನಾಲ್ಕು ಖಾತೆ ದಾಟಿ ಹೋಗಿರುತ್ತದೆ. 1930 ಎಂಬ ಸಹಾಯವಾಣಿಗೆ ಕೂಡಲೇ ಕರೆ ಮಾಡಿದರೆ ಹಣ ಮುಂದೆ ಹೋಗದಂತೆ ತಡೆಹಿಡಿಯಲು ಸಾಧ್ಯವಿದೆ. ಬ್ಯಾಂಕಿಗೂ ಆಗಲೇ ತಿಳಿಸಬೇಕು. ಒಟಿಪಿಯನ್ನು ನಾವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಆದ್ದರಿಂದ "ಏನಾದರೂ ಆದರೆ ಮೊದಲು 1930ಕ್ಕೆ ಮಾಡು, ಆಮೇಲೆ ನನಗೆ ಹೇಳು, ನಾನು ಬೈಯುವುದಿಲ್ಲ" ಎಂದು ಇವತ್ತೇ ಮನೆಯಲ್ಲಿ ಹೇಳಿಬಿಡಿ. ನಂತರ ಸಂದೇಶ, ಕರೆ ಬಂದ ನಂಬರ್, ಹಣ ಹೋದ ವಿವರ ಇವನ್ನು ಅಳಿಸದೆ ಇಟ್ಟುಕೊಂಡು ಮಂಡ್ಯದ ಸೈಬರ್ ಅಪರಾಧ ಠಾಣೆಯಲ್ಲೋ ನಿಮ್ಮ ಊರಿನ ಠಾಣೆಯಲ್ಲೋ ದೂರು ಕೊಡಿ.

ದೂರು ಕೊಟ್ಟು ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನೇ ಹಲವರು ಮರೆಯುತ್ತಾರೆ. ಗಾಡಿಗೆ ಇನ್ನೂ ವಿಮೆ ಆಗಿಲ್ಲ. ಸ್ವಂತ ಹಾನಿಯ ವಿಮೆ ಮುಗಿದು 90 ದಿನ ದಾಟಿದರೆ ಅಷ್ಟು ವರ್ಷ ಕ್ಲೇಮ್ ಮಾಡದೆ ಉಳಿಸಿಕೊಂಡ ರಿಯಾಯಿತಿಯೂ ಹೋಗುತ್ತದೆ. ಕಂಪೆನಿಯ ಕಚೇರಿಗೆ ಹೋಗಿ ಹೊಸ ಪಾಲಿಸಿ ಕೈಗೆ ಬರುವವರೆಗೆ ಗಾಡಿಯ ಬೀಗದ ಕೈ ಮನೆಯಲ್ಲೇ ಇರಲಿ. ಸಂತೆಗೆ ಅಂದು ಬಸ್ಸಿನಲ್ಲಿ ಹೋದರಾಯಿತು.