ಬಿಚ್ಚಬಾರದ ಡಬ್ಬಿ

ಏಳನೇ ಕ್ಲಾಸು ಓದಿದ ರೈತನಿಗೆ ಎಲೆಕ್ಟ್ರಾನಿಕ್ಸ್ ಮಾತು ಯಾಕೆ ಅಂತ ಕೆಲವರು ನಗಬಹುದು. ನಗಲಿ. ಹೋದ ವರ್ಷ ಮೆಣಸಿನ ಗಿಡಕ್ಕೆ ನೀರು ಬೇಕಾದ ಹೊತ್ತಿಗೇ ನನ್ನ ಬೋರಿನ ಮೊಬೈಲ್ ಸ್ಟಾರ್ಟರ್ ಡಬ್ಬಿ ಕೆಟ್ಟು ಕುಂತಿತು. ಆದೋನಿಗೆ ಒಯ್ದೆ. ರಿಪೇರಿ ಹುಡುಗ ಮುಚ್ಚಳ ತೆಗೆದು ತೋರಿಸಿದ. ಒಳಗೆಲ್ಲ ಕರಿ ಅಂಟು ಸುರಿದು ಕಲ್ಲು ಮಾಡ್ಯಾರೆ. "ತಾತಾ, ಇದನ್ನ ಬಿಚ್ಚಾಕಾಗಲ್ಲ, ಹೊಸದು ತಗೋ" ಅಂದ. ದುಡ್ಡು ಕೊಟ್ಟವನು ನಾನು. ಡಬ್ಬಿ ಯಾರದು?

ಆಗ ನಮ್ಮ ಓಣಿಯ ಹುಡುಗನೊಬ್ಬ ಅಂಗೈಯಷ್ಟು ನೀಲಿ ಹಲಗೆ ತಂದು, ರಿಲೇ ಜೋಡಿಸಿ, ಹಳೇ ಸ್ಟಾರ್ಟರಿಗೆ ಕಟ್ಟಿದ. ಮಣ್ಣಿನ ತೇವ ನೋಡಿ ಮೋಟರು ಹಾಕುತ್ತದೆ, ನಿಲ್ಲಿಸುತ್ತದೆ. ಎರಡು ಸಲ ಕೆಟ್ಟಿತು, ಎರಡು ಸಲವೂ ಅವನೇ ಸರಿಮಾಡಿದ. ಅದರ ಹೆಸರು ಆರ್ಡುಯಿನೋ.

2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನ ಒಂದು ಶಾಲೆಯಲ್ಲಿ ಮಾಸ್ಸಿಮೋ ಬಾಂಜಿ ಮತ್ತು ಸಂಗಡಿಗರು, ಎಲೆಕ್ಟ್ರಾನಿಕ್ಸ್ ಓದದ ಹುಡುಗರಿಗಂತ ಮಾಡಿದ್ದು. ಶಾಲೆ ಮುಚ್ಚಿದರೂ ಕೆಲಸ ಸಾಯಬಾರದು ಎಂದು ನಕ್ಷೆಯನ್ನೇ ಲೋಕಕ್ಕೆ ಬಿಟ್ಟರು. ಯಾರು ಬೇಕಾದರೂ ಮಾಡಬಹುದು, ತಿದ್ದಬಹುದು, ಮಾರಬಹುದು. ತಿದ್ದಿದ್ದನ್ನೂ ಹಾಗೇ ಬಿಚ್ಚಿಡಬೇಕು. ಹೆಸರು ಮಾತ್ರ ಅವರದು.

ಇದು ನಮಗೆ ಹೊಸದಲ್ಲ. ಮೊಹರಂನ ರಿವಾಯತ್ ಪದವಾಗಲಿ, ತತ್ವಪದವಾಗಲಿ, ಹಿಂಗೇ ಊರಿಂದೂರಿಗೆ ಬಂದದ್ದು. ಗುರುವಿನ ಪದಕ್ಕೆ ನಾನು ಎರಡು ನುಡಿ ಸೇರಿಸಬಹುದು. ಅಂಕಿತ ಕಿತ್ತು ನನ್ನ ಹೆಸರು ಹಾಕಿದರೆ ಮಾತ್ರ ಕಳ್ಳ. (ಆ ಇಟಲಿಯವರಲ್ಲೂ ಅಂಕಿತದ ತಕರಾರು ಐತಿ. ಅದೇ ಶಾಲೆಯಲ್ಲಿ 2003ರಲ್ಲಿ ವೈರಿಂಗ್ ಎಂಬ ಹಲಗೆ ಮಾಡಿದ ವಿದ್ಯಾರ್ಥಿ ಎರ್ನಾಂಡೋ ಬಾರ್ರಾಗಾನನ ಕೆಲಸದ ಮೇಲೇ ಇದು ಬೆಳೆದದ್ದು. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?)

ಈಗ ನೋಡಿ. 2025ರ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ಚಿಪ್ ಕಂಪನಿ ಕ್ವಾಲ್ಕಾಮ್, ಆರ್ಡುಯಿನೋವನ್ನು ಕೊಳ್ಳುವುದಾಗಿ ಸಾರಿತು. ಮರುತಿಂಗಳೇ ಹೊಸ ಷರತ್ತು ಬಂತು. ಅನುಮತಿ ಇಲ್ಲದೆ ಬಿಚ್ಚಿ ಒಳಗುಟ್ಟು ತಿಳಿಯಬಾರದು ಎಂಬ ಮಾತು ಅದರಲ್ಲಿತ್ತು. ಗದ್ದಲವಾಯಿತು. "ಅದು ನಮ್ಮ ಕ್ಲೌಡ್ ಸೇವೆಗೆ ಮಾತ್ರ, ಹಲಗೆಗಲ್ಲ" ಅಂದರು. ನಂಬೋಣ. ಈಗಾಗಲೇ ಬಿಟ್ಟ ನಕ್ಷೆಯನ್ನು ವಾಪಸು ಕರೆಯಲಿಕ್ಕೂ ಆಗಲ್ಲ. ನನಗೆ ಭಯ ಮುಂದೆ ಬರುವ ಹಲಗೆಗಳದು.

ಯಾಕಂದರೆ ನಾನು ಹತ್ತಿ ಬೆಳೆದವನು. ಮೊದಲು ಬೀಜ ನಮ್ಮ ಮನೆಯಲ್ಲೇ ಇರುತ್ತಿತ್ತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಆಮೇಲೆ ನಮ್ಮ ಹೊಲಕ್ಕೂ ಬಂತು. ಯಾರೂ ನಮ್ಮ ಬೀಜ ಕಸಿದುಕೊಳ್ಳಲಿಲ್ಲ. ಕಾಯಿಕೊರಕ ಕಡಿಮೆಯಾಯಿತು ಅಂತ ನಾನೇ ಸಾಲಿನಲ್ಲಿ ನಿಂತು ಪಾಕೀಟು ತಂದೆ. ಹೈಬ್ರಿಡ್ ಬೀಜ ಉಳಿಸಿ ಬಿತ್ತಿದರೆ ಬೆಳೆ ಒಂದೇ ಸಮ ಬರಲ್ಲ. ವರ್ಷಾ ವರ್ಷ ಕೊಳ್ಳಬೇಕು. ಹಳೇ ಬೀಜ ಹುಡುಕಬೇಕು ಅನ್ನುವ ಹೊತ್ತಿಗೆ ಗಡಿಗೆ ಖಾಲಿ.

"ಕಂಪನಿಯೂ ಬದುಕಬೇಕಲ್ಲ, ನಕಲು ಮಾಡುವವರು ಅಗ್ಗಕ್ಕೆ ಮಾರ್ತಾರೆ" ಎಂದು ಒಬ್ಬ ಮಾಸ್ತರು ವಾದ ಮಾಡಿದರು. ನಿಜ, ನಕಲು ಮಾಡಿ ತಿರುಗಿ ಏನೂ ಕೊಡದವರು ಅಂಕಿತಗಳ್ಳರೇ. ಆದರೆ ಹಾಡು ಕದಿಯುವವನಿದ್ದಾನೆ ಅಂತ ಭಜನೆ ಮನೆಗೆ ಬೀಗ ಹಾಕುತ್ತೀರೇನು?

ಮಾಸ್ತರೇ, ಮಾತು ನಿಮ್ಮ ಹತ್ತಿರವೇ ಬರುತ್ತದೆ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಒಂದು ಶಾಲೆಗೆ 20 ಲಕ್ಷದವರೆಗೆ ಕೊಡುತ್ತಾರೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬು ಎಂದು 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದರು. ನಮ್ಮ ಗಡಿಯ ಕನ್ನಡ ಶಾಲೆಗೂ ಒಂದು ಬಂದರೆ, ಸಾಮಾನು ಇಳಿಸಿಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರ ನಕ್ಷೆ ಎಲ್ಲಿ? ಕೊಡಲ್ಲ ಅಂದರೆ ವಾಪಸು ಕಳಿಸಿ. ಕೊಟ್ಟರೆ, ದಯವಿಟ್ಟು ಆಡಿಟ್ಟಿಗೆ ಹೆದರಿ ಬೀರುವಿನಲ್ಲಿಡಬೇಡಿ. ಹುಡುಗರು ಎರಡು ಹಲಗೆ ಸುಟ್ಟರೆ ಸುಡಲಿ.

ನನ್ನ ಕರಿ ಅಂಟಿನ ಡಬ್ಬಿ ಇನ್ನೂ ಕೊಟ್ಟಿಗೆಯ ಗೂಡಿನಲ್ಲೇ ಐತಿ. ಒಡೆದು ನೋಡುವ ಹುಡುಗರಿದ್ದರೆ ಕಳಿಸಿ, ಸುತ್ತಿಗೆ ಸಮೇತ ಕೊಡುತ್ತೇನೆ.