ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ

ಹಳೇ ಬೈಕ್ ಕೊಳ್ಳೋದು ಈಗ ದೊಡ್ಡ ಕೆಲಸ ಅಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಒತ್ತಿದರೆ ಗಾಡಿ ಯಾವ ವರ್ಷದ್ದು, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಎಲ್ಲ ಬಂದುಬಿಡುತ್ತೆ. ಹಳೇ ದೋಣಿ ಕೊಳ್ಳುವವರಿಗೆ ಇಂಥ ಸುಖ ಇಲ್ಲ. ಅಲ್ಲಿ ಒಬ್ಬರು ದಲ್ಲಾಳಿ ಇರ್ತಾರೆ, ಅವರ ಹತ್ತಿರ ಒಂದು ಫೋನ್ ಇರುತ್ತೆ, ಅದನ್ನು ಅವರು ಎತ್ತಲ್ಲ.

ನನ್ನ ಸೋದರಮಾವ ಮಲ್ಪೆಯಲ್ಲಿ ಬೇರೆಯವರ ಟ್ರಾಲ್ ಬೋಟುಗಳಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಹತ್ತು–ಹನ್ನೆರಡು ದಿನ ಸಮುದ್ರದಲ್ಲೇ ಇರುವ ಕೆಲಸ ಇನ್ನು ಮೊಣಕಾಲಿಗೆ ಆಗಲ್ಲ ಅಂತ ಈ ಸಲ ಸ್ವಂತಕ್ಕೊಂದು ಸಣ್ಣ ಫೈಬರ್ ದೋಣಿ ಮಾಡುವ ಯೋಚನೆ ಮಾಡಿದ್ರು. ನಮ್ಮ ಕಡೆ ‘ಬೋಟು’ ಬೇರೆ, ‘ದೋಣಿ’ ಬೇರೆ. ಬೋಟು ಅಂದರೆ ಒಳಗೇ ಎಂಜಿನ್ ಇರುವ ದೊಡ್ಡದು. ದೋಣಿ ಅಂದರೆ ಇಬ್ಬರು ಮೂವರು ಹೋಗಿ ಬಲೆ ಬಿಟ್ಟು ಅದೇ ದಿನ ವಾಪಸ್ ಬರುವಂಥದ್ದು, ಎಂಜಿನ್ ಹಿಂದೆ ಹೊರಗಡೆ ನೇತಾಡುತ್ತಿರುತ್ತೆ. ಮಾವನಿಗೆ ಬೇಕಿದ್ದದ್ದು 9.9 ಎಚ್‌ಪಿ ಎಂಜಿನ್ ಇರುವ ದೋಣಿ. ಈ ಲೆಕ್ಕ ಯಾಕೆ ಅಂದರೆ, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೂ, 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಅದಕ್ಕಿಂತ ಕಡಿಮೆ ಶಕ್ತಿಯ ನಾಡದೋಣಿಗಳು ಮಾತ್ರ ಮಳೆಗಾಲದಲ್ಲೂ ಕಡಲಿಗೆ ಇಳಿಯಬಹುದು. ಮೊದಲ ತೂಫಾನ್ ಎದ್ದು ಕಡಲು ಕಲಕಿದ ಮೇಲೆ ದಡದ ಹತ್ತಿರವೇ ಮೀನು ಸಿಗುತ್ತೆ, ದೊಡ್ಡ ಬೋಟುಗಳು ನಿಂತಿರೋದರಿಂದ ರೇಟೂ ಸಿಗುತ್ತೆ. ಅಂದರೆ ದೋಣಿ ಮೇ ಮುಗಿಯುವುದರೊಳಗೆ ಕೈಗೆ ಬರಬೇಕು. ಆಗಸ್ಟ್‌ನಲ್ಲಿ ಬಂದರೆ ಆ ವರ್ಷದ ಒಳ್ಳೇ ಸಂಪಾದನೆ ಹೋದ ಹಾಗೆ.

ದುಡ್ಡು ಎರಡೂವರೆ ಲಕ್ಷ. ಅದರಲ್ಲಿ ಒಂದೂವರೆ ಅತ್ತೆಯ ಬಳೆ ಅಡವಿಟ್ಟು ತಂದದ್ದು, ಉಳಿದದ್ದು ನನ್ನದು. ಹಾಗಾಗಿ ದಲ್ಲಾಳಿ ಜೊತೆ ಮಾತಾಡುವ ಜವಾಬ್ದಾರಿಯೂ ಬೆಂಗಳೂರಲ್ಲಿ ಕೂತಿದ್ದ ನನ್ನ ಪಾಲಿಗೇ ಬಂತು. “ನಿಂಗೆ ವಾಟ್ಸ್ಆ್ಯಪ್ ಎಲ್ಲ ಗೊತ್ತುಂಟಲ್ಲ” ಅಂದರು ಮಾವ.

ಮೊದಲ ಎರಡು ದಿನ ಆ ದಲ್ಲಾಳಿಯಷ್ಟು ಚುರುಕಿನ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸಿತು. ಆರು ಫೋಟೊ, ಎರಡು ವಿಡಿಯೊ, ಎಂಜಿನ್ ಸದ್ದು ಕೇಳಿಸುವ ವಾಯ್ಸ್ ಮೆಸೇಜು. ಮೂರನೇ ದಿನ, “ಇನ್ನೊಂದು ಪಾರ್ಟಿ ಬರ್ತಾ ಉಂಟು, ಇಪ್ಪತ್ತೈದು ಸಾವಿರ ಹಾಕಿದ್ರೆ ನಿಮ್ಮ ಹೆಸರಿಗೆ ನಿಲ್ಲಿಸ್ತೇನೆ.” ನಾನು ಕೇಳಿದ್ದು ಇಷ್ಟೇ: ನೋಂದಣಿ ಪತ್ರದ ಒಂದು ಫೋಟೊ ಕಳಿಸಿ, ಸಂಜೆಯೇ ಹಾಕ್ತೇನೆ.

ನೀಲಿ ಟಿಕ್ ಬಂತು. ಆಮೇಲೆ ಒಂಬತ್ತು ದಿನ ಏನೂ ಇಲ್ಲ. ಕರೆ ಮಾಡಿದರೆ ಪೂರ್ತಿ ರಿಂಗ್ ಆಗಿ ಕಟ್ ಆಗುತ್ತೆ. ಸ್ಟೇಟಸ್‌ನಲ್ಲಿ ಮಾತ್ರ ದಿನಾ ಬೆಳಿಗ್ಗೆ ದೇವರ ಫೋಟೊ.

ನಮ್ಮಂಥವರಿಗೆ ಇಂಥ ಹೊತ್ತಲ್ಲಿ ಬರುವ ಮೊದಲ ಯೋಚನೆ, ನಾನೇನಾದರೂ ಜಾಸ್ತಿ ಕೇಳಿದೆನಾ, ದೋಣಿ ಬೇರೆಯವರಿಗೆ ಹೋಯ್ತಾ, ಅಡ್ವಾನ್ಸ್ ಹಾಕಿಬಿಡಲಾ ಅನ್ನೋದು. ಆಫೀಸಿನಲ್ಲಿ ಮೇಲ್‌ಗೆ ಉತ್ತರ ಬರದಿದ್ದರೆ ನಾವೇ ಮತ್ತೊಮ್ಮೆ ಮೃದುವಾಗಿ ನೆನಪಿಸ್ತೀವಲ್ಲ, ಆ ಅಭ್ಯಾಸ. ಮಾವನಿಗೆ ಈ ಗೊಂದಲ ಇರಲೇ ಇಲ್ಲ. “ಅವ ತೆಗಿಲಿಕ್ಕಿಲ್ಲ ಮಾರಾಯ. ಕಾಗದ ಸರಿ ಇದ್ದಿದ್ರೆ ಮೊನ್ನೆಯೇ ಕಳಿಸ್ತಿದ್ದ” ಅಂದರು. ಯಾವ ಪ್ರಶ್ನೆಗೆ ಉತ್ತರ ನಿಂತಿತೋ ತೊಂದರೆ ಅಲ್ಲೇ ಇದೆ ಅಂತ ಅವರ ಲೆಕ್ಕ. ಒಂಬತ್ತು ದಿನ ನಾನು ಚ್ಯಾಟ್ ಮೇಲೆ ಕೆಳಗೆ ಎಳೆದು ಹುಡುಕಿದ್ದು ಅವರಿಗೆ ಒಂದು ವಾಕ್ಯದಲ್ಲಿ ಮುಗಿದಿತ್ತು.

ಎಲ್ಲ ಮೌನವೂ ಮೋಸ ಅಲ್ಲ, ಅದನ್ನೂ ಹೇಳಬೇಕು. ಬಂದರಿನ ದಿನ ನಮ್ಮ ದಿನದ ಹಾಗಲ್ಲ. ಬೆಳಗಿನ ಜಾವದಿಂದ ಮೀನು ಇಳಿಸೋದು, ಏಲಂ, ಐಸು, ಲಾರಿ. ಮಧ್ಯಾಹ್ನ ಊಟ, ನಿದ್ದೆ. ನಾವು ಫೋನ್ ಮಾಡೋದು ಸ್ಟ್ಯಾಂಡಪ್ ಮೀಟಿಂಗ್ ಮುಗಿಸಿ ಹನ್ನೊಂದಕ್ಕೆ, ಇಲ್ಲವೇ ರಾತ್ರಿ ಒಂಬತ್ತೂವರೆಗೆ. ಸಂಜೆ ನಾಲ್ಕಕ್ಕೆ ಮಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಉದ್ದ ಪ್ಯಾರಾಗಿಂತ ಕನ್ನಡದಲ್ಲೋ ತುಳುವಿನಲ್ಲೋ ಕಳಿಸಿದ ಹತ್ತು ಸೆಕೆಂಡಿನ ವಾಯ್ಸ್ ಮೆಸೇಜಿಗೆ ಬೇಗ ಉತ್ತರ ಬರುತ್ತೆ. “ಲಾಸ್ಟ್ ಪ್ರೈಸ್ ಎಷ್ಟು?” ಅಂತ ಕೇಳಿ ಮಾಯವಾಗುವವರು ಅವರಿಗೂ ಬೇಕಾದಷ್ಟು ಸಿಕ್ಕಿರ್ತಾರೆ, ಅವರೂ ನಮ್ಮನ್ನು ಜರಡಿ ಹಿಡೀತಿರ್ತಾರೆ.

ಇನ್ನೊಂದು ಭಯ ಇದೆ, ಅದು ನ್ಯಾಯವಾದದ್ದೇ. ದೋಣಿ ಎಲ್ಲಿದೆ, ಯಾರದ್ದು ಅಂತ ಹೇಳಿದ ತಕ್ಷಣ ನಾವು ನೇರ ಮಾಲೀಕರ ಹತ್ತಿರ ಹೋಗಿ ವ್ಯವಹಾರ ಮುಗಿಸಿದರೆ ದಲ್ಲಾಳಿಯ ಕಮಿಷನ್ ಹೋಯ್ತು. ಮನೆ ಬಾಡಿಗೆಗೆ ನಾವೆಲ್ಲ ಮಾಡಿರುವ ಕೆಲಸವೇ ಅಲ್ಲವಾ ಇದು? ಇಲ್ಲಿ ಹೆಚ್ಚಿನ ದೋಣಿಗಳನ್ನು ಯಾರೂ ಒಬ್ಬ ದಲ್ಲಾಳಿಗೇ ಅಂತ ಒಪ್ಪಿಸಿರಲ್ಲ. ಒಂದೇ ಫೋಟೊ ಮೂರು ಜನರ ಹತ್ತಿರ ಇರುತ್ತೆ, ಮೂರು ರೇಟು ಇರುತ್ತೆ. ಮಾಲೀಕರ ಹೆಸರೇ ಅವರ ಬಂಡವಾಳ. ಹಾಗಾಗಿ ನಾನು ಒಂಬತ್ತನೇ ದಿನ ಒಂದು ಮೆಸೇಜು ಕಳಿಸಿದೆ: ಮಾಲೀಕರು ನಮಗೆ ನೇರವಾಗಿ ಸಿಕ್ಕಿದರೂ ಈ ದೋಣಿ ಕೊಂಡರೆ ನಿಮಗೆ ಶೇ 2 ಕೊಡ್ತೇವೆ, ಅರ್ಧ ದುಡ್ಡು ಕೊಟ್ಟ ದಿನ, ಇನ್ನರ್ಧ ಹೆಸರು ವರ್ಗಾವಣೆ ಆದ ದಿನ. ಇದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಅದರ ಫೋಟೊ ಜೊತೆಗಿಟ್ಟೆ. ಅದಕ್ಕೂ ನೀಲಿ ಟಿಕ್ ಮಾತ್ರ.

ಆ ಶನಿವಾರ ಊರಿಗೆ ಹೋದೆ. ನಮ್ಮ ಹತ್ತಿರ ಇದ್ದದ್ದು ಆರು ಫೋಟೊ. ಅದರಲ್ಲಿ ಒಂದರಲ್ಲಿ ದೋಣಿಯ ಮೂತಿಯ ಮೇಲೆ ನಂಬರಿನ ಅರ್ಧ ಕಾಣ್ತಿತ್ತು, ಉಳಿದರ್ಧದ ಮೇಲೆ ಬಲೆ ಬಿದ್ದಿತ್ತು. ಐಎನ್‌ಡಿ, ಕೆಎ ಅಂತ ಶುರುವಾಗುವ ಈ ನಂಬರನ್ನು ಜನ ಸುಮ್ಮನೆ ಅಲಂಕಾರ ಅಂದ್ಕೊಳ್ತಾರೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ‘ಕುಬೇರ್’ ಅನ್ನುವ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು ಬಂದಿದ್ದರು. ಅದಾದ ಮೇಲೆ ಯಾವ ದೋಣಿ ಯಾರದ್ದು ಅನ್ನೋದು ದೇಶದ ಭದ್ರತೆಯ ಪ್ರಶ್ನೆಯಾಯ್ತು. ಈಗ ನೋಂದಣಿ, ಪರವಾನಗಿ ಎಲ್ಲ ‘ರಿಯಲ್‌ಕ್ರಾಫ್ಟ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮೀನುಗಾರಿಕೆ ಇಲಾಖೆಯ ಮೂಲಕ ಆಗುತ್ತೆ. ಪರವಾನಗಿಯ ಹಿಂದಿರುವ ರಾಜ್ಯದ ಕಾನೂನು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಕಾಗದ ಇಲ್ಲದ ದೋಣಿ ಕೊಂಡರೆ ಕರಾವಳಿ ಕಾವಲು ಪೊಲೀಸರ ಮುಂದೆ ಉತ್ತರ ಕೊಡಬೇಕಾದವರು ದಲ್ಲಾಳಿ ಅಲ್ಲ, ಮಾವ.

ಫೋಟೊದ ಹಿನ್ನೆಲೆಯಲ್ಲಿದ್ದ ಸೇತುವೆ ನೋಡಿದ ಕೂಡಲೇ ಅದು ಯಾವ ಹೊಳೆಯ ಬಾಯಿ ಅಂತ ಮಾವ ಹೇಳಿಬಿಟ್ಟರು. ಸ್ಕೂಟರಿನಲ್ಲಿ ಹೋದೆವು. ಬಲೆ ಹೊಲಿಯುತ್ತಾ ಕೂತಿದ್ದ ಮೂರು ಜನರಿಗೆ ಫೋನ್ ತೋರಿಸಿದರೆ, ಮೂರನೆಯವರು “ಇದು ನಮ್ಮ ಪಕ್ಕದ ಮನೆಯದ್ದು” ಅಂದರು. ಹದಿನೈದು ನಿಮಿಷದಲ್ಲಿ ಮಾಲೀಕರ ಜಗಲಿಯಲ್ಲಿ ಕೂತಿದ್ದೆವು. ಅರವತ್ತು ದಾಟಿದ ಮನುಷ್ಯ, ಮಗ ಗಲ್ಫಿಗೆ ಹೋಗಿದ್ದಾನೆ, ದೋಣಿ ನೋಡಿಕೊಳ್ಳುವವರಿಲ್ಲ.

“ದೋಣಿ ಮಾರ್ಲಿಕ್ಕುಂಟು ಮಾರಾಯ್ರೆ, ಸುಳ್ಳಲ್ಲ. ಆದ್ರೆ ಸೊಸೈಟಿ ಸಾಲ ಎಪ್ಪತ್ತು ಸಾವಿರ ಬಾಕಿ ಉಂಟು. ಒರಿಜಿನಲ್ ಕಾಗದ ಅಲ್ಲೇ ಉಂಟು.”

ಅಷ್ಟೇ ವಿಷಯ. ಮುಚ್ಚಿಡಬೇಕಾದ್ದೇ ಅಲ್ಲ. ಆದರೆ ಸಾಲ ಅಂದರೆ ಗಿರಾಕಿ ಓಡಿಹೋಗ್ತಾನೆ ಅಂತ ದಲ್ಲಾಳಿ ಲೆಕ್ಕ ಹಾಕಿದ್ದರು. ಮೊದಲು ಅಡ್ವಾನ್ಸ್ ಕೈಗೆ ಬಂದರೆ ಆಮೇಲೆ ನಿಧಾನಕ್ಕೆ ಹೇಳಬಹುದು. ಇಪ್ಪತ್ತೈದು ಸಾವಿರ ಸಿಕ್ಕಿಕೊಂಡಿರುವ ಗಿರಾಕಿ ಓಡಲ್ಲ. ನೆನಪಿಡಿ, ಆ ಅಡ್ವಾನ್ಸ್ ವಿಷಯ ಮಾಲೀಕರಿಗೆ ಗೊತ್ತೇ ಇರಲಿಲ್ಲ.

ಇಲ್ಲಿ ಕಾನೂನು ನಮಗೆ ಎಷ್ಟು ನೆರವಾಗುತ್ತೆ? ಸೈಟು, ಫ್ಲ್ಯಾಟ್ ಮಾರುವ ಏಜೆಂಟ್ 2016ರ ರೇರಾ ಕಾಯ್ದೆಯಡಿ ನೋಂದಾಯಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ, ಫ್ಲೋರಿಡಾದಲ್ಲಿ ಹಳೇ ಯಾಟ್ ಮಾರಿಸುವ ಬ್ರೋಕರ್‌ಗೆ ಸರ್ಕಾರದ ಲೈಸೆನ್ಸ್ ಬೇಕು. ನಮ್ಮ ಬಂದರಿನ ದೋಣಿ ದಲ್ಲಾಳಿಗೆ ರೇರಾದಂಥ ಕಟ್ಟುಪಾಡು ಇಲ್ಲ. ಉಳಿಯೋದು ಹಳೇ ಕಾಯ್ದೆಗಳು. 1872ರ ಕರಾರು ಕಾಯ್ದೆ ಪ್ರಕಾರ ಏಜೆಂಟ್ ತನ್ನನ್ನು ನೇಮಿಸಿದವರಿಗೆ ಲೆಕ್ಕ ಒಪ್ಪಿಸಬೇಕು. ನೇಮಿಸಿದವರು ಮಾಲೀಕರು, ನಾವಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ನಿನ ತಿರುಳು ಏನೆಂದರೆ, ಸಾಮಾನ್ಯವಾಗಿ ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಕೋರ್ಟಿಗೆ ಹೋಗಬಹುದು, ನಿಜ. ಇಪ್ಪತ್ತೈದು ಸಾವಿರಕ್ಕೆ ಯಾರು ಹೋಗ್ತಾರೆ?

ಮಾಲೀಕರ ಒಪ್ಪಿಗೆ ತಗೊಂಡು ಮಾವ ಅಲ್ಲೇ ದೋಣಿ ನೋಡಲು ಕೂತರು. ದಲ್ಲಾಳಿ ಕಳಿಸಿದ ವಿಡಿಯೊದಲ್ಲಿ ಇದೊಂದೂ ಇರಲಿಲ್ಲ. ಐದು ರೂಪಾಯಿ ನಾಣ್ಯದಿಂದ ಅಡಿಯಿಂದ ತುದಿವರೆಗೆ ಟಕ್ ಟಕ್ ಅಂತ ಕುಟ್ಟುತ್ತಾ ಹೋದರು. ಗಟ್ಟಿ ಇದ್ದರೆ ಸದ್ದು ಗಟ್ಟಿ. ಪದರ ಬಿಟ್ಟಿದ್ದರೆ ಬೊಳ್ಳು ಸದ್ದು, ಒಡೆದ ಮಡಕೆಯ ಹಾಗೆ. ಎಡಗಡೆ ಒಂದು ಕಡೆ ಅಂಗೈ ಅಗಲ ಅಂಥದ್ದು ಸಿಕ್ಕಿತು. ಆಮೇಲೆ ಎಂಜಿನ್ ಕೂರಿಸುವ ಹಿಂದಿನ ಹಲಗೆ. ಫೈಬರ್ ಒಳಗೆ ಅಲ್ಲಿ ಪ್ಲೈವುಡ್ ಇರುತ್ತೆ, ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗೇ ಕೊಳೆಯುತ್ತೆ, ಹೊರಗಿನಿಂದ ಏನೂ ಕಾಣಲ್ಲ. ಎಂಜಿನ್ ಮೇಲೆ ಕೈಯಿಟ್ಟು ಭಾರ ಹಾಕಿ ಅಲ್ಲಾಡಿಸಿದರು. ಹಲಗೆ ಬಾಗಲಿಲ್ಲ. ಗೇರ್ ಭಾಗದ ಎಣ್ಣೆ ಸ್ವಲ್ಪ ಇಳಿಸಿ ಬೆರಳಲ್ಲಿ ಉಜ್ಜಿದರು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ತಿರುಗಿರಲಿಲ್ಲ. ನೀರಿಗಿಳಿಸಿ ಅರ್ಧ ಗಂಟೆ ಓಡಿಸಿದಾಗ ಎಂಜಿನ್ ಪಕ್ಕದಿಂದ ತಂಪು ಮಾಡುವ ನೀರಿನ ಧಾರೆ ನಿಲ್ಲದೆ ಬಂತು. ಎರಡು ನಿಮಿಷದ ವಿಡಿಯೊದಲ್ಲಿ ಯಾವ ಎಂಜಿನ್ನಾದರೂ ಚೆನ್ನಾಗೇ ಓಡುತ್ತೆ. ಕೊನೆಗೆ ಎಂಜಿನ್ ಮೇಲಿನ ನಂಬರಿನ ಫೋಟೊ ನಾನು ತೆಗೆದೆ, ಬಿಲ್ಲಿನ ಜೊತೆ ತಾಳೆ ನೋಡಲು. ಎಂಜಿನ್‌ಗೆ ಸಬ್ಸಿಡಿ ತಗೊಂಡಿದ್ದೀರಾ, ಮಾರಲು ಏನಾದರೂ ಷರತ್ತು ಉಂಟಾ ಅಂತಲೂ ಕೇಳಿಕೊಂಡೆವು. ಇಲ್ಲ ಅಂದರು, ಬಿಲ್ ತೋರಿಸಿದರು.

ಎಡಗಡೆಯ ಆ ಬೊಳ್ಳು ಜಾಗಕ್ಕೆ ಹನ್ನೆರಡು ಸಾವಿರ ಇಳಿಸಿದರು. ಚೌಕಾಸಿ ಅಷ್ಟಕ್ಕೇ ಮುಗಿಯಿತು.

ಸೋಮವಾರ ರಜೆ ಹಾಕಿದೆ. ಮಾಲೀಕರ ಜೊತೆ ಸೊಸೈಟಿಗೆ ಹೋಗಿ, ನಮ್ಮ ದುಡ್ಡಿನಿಂದಲೇ ಸಾಲದ ಎಪ್ಪತ್ತು ಸಾವಿರ ನೇರ ಅವರ ಸಾಲದ ಖಾತೆಗೆ ಕಟ್ಟಿ ರಸೀದಿ ತಗೊಂಡೆವು, ಬಾಕಿ ಇಲ್ಲ ಅಂತ ಪತ್ರ ಬರೆಸಿಕೊಂಡೆವು, ಒರಿಜಿನಲ್ ಕಾಗದ ಕೈಗೆ ಬಂದ ಮೇಲೆ ಉಳಿದದ್ದನ್ನು ಮಾಲೀಕರ ಬ್ಯಾಂಕ್ ಖಾತೆಗೆ ಹಾಕಿದೆವು. ಎಲ್ಲ ಎರಡು ಪುಟದ ಕರಾರಿನಲ್ಲಿ ಬರೆದು, ದೋಣಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಹಾಕಿ, ಇಬ್ಬರು ಸಾಕ್ಷಿ ಸಹಿ. ಒಬ್ಬ ಸಾಕ್ಷಿ ಬಲೆ ಹೊಲಿಯುತ್ತಿದ್ದವರೇ.

ದಲ್ಲಾಳಿಯೂ ಬಂದರು! ಸೊಸೈಟಿ ಬಾಗಿಲಲ್ಲಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ನಗುತ್ತಾ. ಫೋನ್ ಹಾಳಾಗಿತ್ತಂತೆ. ಮಾವ ಏನೂ ಕೇಳಲಿಲ್ಲ, ಪಕ್ಕದ ಹೋಟೆಲಿನಲ್ಲಿ ಚಾ ಕುಡಿಸಿದರು. ಬರೆದುಕೊಟ್ಟ ಮಾತಿನ ಪ್ರಕಾರ ಕಮಿಷನ್ನಿನ ಅರ್ಧ ಕೈಗೆ ಕೊಟ್ಟೆವು. ಯಾಕೆ ಕೊಟ್ಟಿರಿ ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಆ ಆರು ಫೋಟೊ ಅವರು ಕಳಿಸದಿದ್ದರೆ ಈ ದೋಣಿ ಇದೆ ಅಂತಲೇ ನಮಗೆ ಗೊತ್ತಾಗ್ತಿರಲಿಲ್ಲ. ಆ ಕೆಲಸಕ್ಕೆ ಕೂಲಿ ಇದೆ. ಕಾಗದ ಮುಚ್ಚಿಟ್ಟದ್ದಕ್ಕೆ ಇಲ್ಲ, ಅದಕ್ಕೇ ಅಡ್ವಾನ್ಸ್ ಕೊಡಲಿಲ್ಲ.

ಇನ್ನರ್ಧ ಕಮಿಷನ್ ಹೆಸರು ವರ್ಗಾವಣೆ ಆದ ಮೇಲೆ. ಇಲಾಖೆಯಲ್ಲಿ ಅರ್ಜಿ ಕೊಟ್ಟಾಗಿದೆ, ಮಾವ ಯಾವ ದಿನ ಯಾವ ಟೇಬಲ್ಲಿಗೆ ಹೋಗಬೇಕು ಅನ್ನೋದನ್ನು ದಲ್ಲಾಳಿಯೇ ವಿಚಾರಿಸಿ ಹೇಳ್ತಾರೆ, ಒಮ್ಮೆ ಬೈಕಿನಲ್ಲಿ ಕರೆದುಕೊಂಡೂ ಹೋಗಿದ್ದರು. ಈಗ ದಿನಾ ಸಂಜೆ ನಾಲ್ಕಕ್ಕೆ ಅವರೇ ನನಗೆ ಫೋನ್ ಮಾಡ್ತಾರೆ.