ಹಳೆಯ ಬೆಳ್ಳಿಯ ಹೊಸ ಲೋಭ

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮಳೆ ಹಿಡಿದು ತೋಟದ ಕೂಲಿ ಕಡಿಮೆಯಾದಾಗ ಬಡವರ ಮನೆಯ ಪೆಟ್ಟಿಗೆ ತೆರೆಯುತ್ತದೆ. ಅಜ್ಜಿಯ ಬೆಳ್ಳಿಯ ಡಾಬು, ತೋಳಿನ ವಂಕಿ, ಕಾಲಿನ ಕಡಗ ಪೇಟೆಗೆ ಇಳಿಯುತ್ತವೆ. ಹಿಂದೆ ಅವು ನೇರವಾಗಿ ಅಕ್ಕಸಾಲಿಗನ ಮೂಸೆಗೆ ಬೀಳುತ್ತಿದ್ದವು. ಈಗ ನಡುವೆ ಸಂಗ್ರಾಹಕನೆಂಬ ಸಜ್ಜನನೊಬ್ಬ ನಿಂತಿದ್ದಾನೆ. ತಾನು ಕಲೆಯನ್ನು ಉಳಿಸುತ್ತಿರುವೆನೆಂದು ಅವನ ವಾದ.

ಈ ವಾದದಲ್ಲಿ ಅರ್ಧ ಸತ್ಯವಿದೆಯೆಂಬುದನ್ನು ಒಪ್ಪಲೇಬೇಕು. ಕರಗಿದ ಡಾಬು ಮತ್ತೆ ಡಾಬಾಗದು. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗ್ರಾಮಿಗೆ 1 ಲಕ್ಷ ರೂಪಾಯಿಯನ್ನು ಮೀರಿದ ಮೇಲೆ ಮೂಸೆಯ ಹಸಿವೂ ಹೆಚ್ಚಿದೆ. ಆದರೆ ಅವನು ಹಿಡಿಯುವ ತಕ್ಕಡಿ ಯಾವುದು? ಮಾರುವವಳಿಗೆ ಲೋಹದ ತೂಕದ ಬೆಲೆ. ಅದರಲ್ಲಿಯೂ ಬೆಸುಗೆಗೆ, ಒಳಗಿನ ಅರಗಿಗೆ, ಕೊಳೆಗೆ ಎಂದು ಕಳೆಯುವ ಲೆಕ್ಕ. ಅದೇ ಒಡವೆ ನಗರದ ಗಾಜಿನ ಕಪಾಟನ್ನು ಸೇರಿದೊಡನೆ ತೂಕದ ಮಾತು ಅಡಗಿ, ಕುಸುರಿಗೂ ವಯಸ್ಸಿಗೂ ಬೆಲೆ ಕಟ್ಟಲಾಗುತ್ತದೆ. ಕೊಳ್ಳಲು ಒಂದು, ಕೊಡಲು ಇನ್ನೊಂದು ಮಾನವನ್ನು ಬಳಸುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ತಕ್ಕಡಿಯ ಮುಳ್ಳು ನೆಟ್ಟಗಿತ್ತೆಂಬ ಸಮರ್ಥನೆ ಇಲ್ಲಿ ನಿಲ್ಲದು. ಅವಳು ಅರಿಯದುದನ್ನು ಅವನು ಅರಿತಿದ್ದನು. ಆ ಅರಿವನ್ನು ಮುಚ್ಚಿಟ್ಟುದೇ ಅವನ ಲಾಭ.

ಮೆಕ್ಸಿಕೋ ದೇಶದ ಟಾಸ್ಕೋ ಪಟ್ಟಣದಲ್ಲಿ ವಿಲಿಯಂ ಸ್ಪ್ರಾಟ್ಲಿಂಗ್ 1931ರಲ್ಲಿ ಬೆಳ್ಳಿಯ ಕಾರ್ಯಾಗಾರವನ್ನು ತೆರೆದನು. ಅಲ್ಲಿಯ ಒಡವೆಗಳ ಬೆನ್ನಿನ ಮುದ್ರೆಯನ್ನು ಓದಿಯೇ ಸಂಗ್ರಾಹಕರು ಇಂದಿಗೂ ಬೆಲೆ ಕಟ್ಟುತ್ತಾರೆ. (ಆ ಮುದ್ರೆಯೂ ಒಡೆಯನದೇ ಹೊರತು ಸುತ್ತಿಗೆ ಹಿಡಿದ ಕೂಲಿಯವನದಲ್ಲ, ಅದು ಬೇರೆ ಮಾತು.) ಮಲೆನಾಡಿನ ಡಾಬಿಗೆ ತೊಟ್ಟವಳ ಹೆಸರು, ಊರಿನ ಹೆಸರುಗಳೇ ಮುದ್ರೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಿಂದ ಎದ್ದುಬಂದವರಿಗೆ ಇಂಥ ಒಡವೆ ಇಲ್ಲದ ಊರಿನ ಕುರುಹು. ಅದನ್ನು ಕೇಳಿ ಬರೆದಿಡಲು ಕಾಸು ಬೇಕಿಲ್ಲ. ಆದರೂ ಸಂಗ್ರಾಹಕನು ಕೇಳನು. ಮಾತು ಬೆಳೆದರೆ ಮನೆಯವರು ನಿಜವಾದ ಬೆಲೆಯನ್ನು ಕೇಳಿಯಾರು!

1972ರ ಪುರಾವಸ್ತು ಅಧಿನಿಯಮದಂತೆ 100 ವರ್ಷ ದಾಟಿದ ಒಡವೆಯನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಕಾನೂನಿನ ಮಾತು ಅಲ್ಲಿಗೆ ಸಾಕು. ಪರಿಗ್ರಹ ಪರಿಮಾಣ ವ್ರತವನ್ನು ತೊಟ್ಟ ಶ್ರಾವಕರೂ ಈ ಹವ್ಯಾಸಕ್ಕೆ ಬಿದ್ದು, ಕಪಾಟಿನಲ್ಲಿರುವುದು ಬೆಳ್ಳಿಯಲ್ಲ, ಕಲೆ ಎಂದು ಹೇಳಿ ತಮ್ಮ ಮಿತಿಯ ಲೆಕ್ಕದಿಂದ ಅದನ್ನು ಹೊರಗಿಡುತ್ತಿರುವುದು ಇನ್ನೂ ಶೋಚನೀಯ. ಕಲೆಯ ಮೇಲಣ ಮೂರ್ಛೆಯು ಲೋಹದ ಮೇಲಣ ಮೂರ್ಛೆಗಿಂತ ಹಗುರವೆಂದು ಯಾವ ಆಚಾರ್ಯರು ಹೇಳಿದ್ದಾರೆ?

ಡಾಬು ಉಳಿಯಬೇಕೆಂಬ ಕಾಳಜಿ ನಿಜವಾಗಿದ್ದರೆ, ಮಳೆಗಾಲದಲ್ಲಿ ಅದನ್ನು ಅಡವಾಗಿ ಇರಿಸಿಕೊಂಡು ಬಡ್ಡಿಯಿಲ್ಲದೆ ಹಣ ಕೊಡಲಿ. ಕಾಫಿ ಹಣ್ಣಿನ ಕುಯ್ಲು ಮುಗಿದು ಕೂಲಿ ಕೈಸೇರಿದಾಗ ಹಿಂದಿರುಗಿಸಲಿ.